ಒಂಬತ್ತು ಮನೆಗಳ ಒಂದು ಒಲೆ

ತಪ್, ತಪ್, ತಪ್. ನಡುವೆ ರೊಟ್ಟಿ ತಿರುಗಿಸುವಷ್ಟು ಮೌನ. ಮತ್ತೆ ತಪ್, ತಪ್, ತಪ್.

ಆ ವರ್ಷ ಹೂವಿನ ಹಿಪ್ಪರಗಿಯಲ್ಲಿ ನನಗೆ ಎಚ್ಚರವಾಗುತ್ತಿದ್ದದ್ದು ಈ ಸದ್ದಿಗೆ. ಮೊಬೈಲಿನ ಅಲಾರಂ ಅದಕ್ಕಿಂತ ಯಾವಾಗಲೂ ಲೇಟು. ಓಣಿಯಲ್ಲಿ ಒಂಬತ್ತು ಮನೆ, ನಮ್ಮದೊಂದು ಬಿಟ್ಟು ಎಂಟರಲ್ಲೂ ನಸುಕಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನನ್ನ ಅಕ್ಕ ಕುಸುಮಕ್ಕ ಹಾಸಿಗೆಯಿಂದ ಏಳದೆಯೇ ಸದ್ದು ಕೇಳಿ ಮನೆ ಗುರುತಿಸುತ್ತಿದ್ದಳು. “ಈ ದಡಬಡ ಕಾಶವ್ವಂದು. ಸಿಟ್ಟಿಲೆ ಬಡೀತಾಳ ನೋಡು, ರೊಟ್ಟೀನ ಗಂಡ ಅಂತ ತಿಳ್ಕೊಂಡಾಳ. ಆ ಗೆಜ್ಜಿ ಕಟ್ಟಿದಂಗ ಬರ್ತದಲ್ಲ, ಅದು ನಮ್ಮ ಹುಸೇನಬಿ.”

ಕಳೆದ ವಾರ ಆಲಮಟ್ಟಿಯಿಂದ ಬರುವಾಗ ನಿಡಗುಂದಿಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ತೊಗರಿ ಕಟ್ಟಿಗೆಯ ಹೊಗೆ, ಅದರೊಳಗೆ ಸ್ವಲ್ಪ ಸುಟ್ಟ ಜೋಳದ ಹಿಟ್ಟು. ಪಕ್ಕದ ಸೀಟಿನ ಹುಡುಗಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, “ಪೊಲ್ಯೂಷನ್” ಎಂದಳು. ಆ ಹೊಗೆಯ ಬಗ್ಗೆ ಮಾತಾಡುವ ಹಕ್ಕನ್ನು ನಾನು ಒಂದು ಇಮೇಲಿನಲ್ಲಿ ಕಳೆದುಕೊಂಡಿದ್ದೇನೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ವಿಜಯಪುರದಲ್ಲಿ ಜೀವನಪೂರ್ತಿ ಇಂಗ್ಲಿಷ್ ಕಲಿಸಿದವಳು. ರಿಟೈರ್ ಆದ ಮೇಲೆ ಫ್ಲ್ಯಾಟು, ಇಂಡಕ್ಷನ್ ಒಲೆ, ಸಂಜೆಗೆ ಕ್ರಾಸ್‌ವರ್ಡ್. ಹೀಗಿರುವಾಗ ಅಕ್ಕ ಹಿಪ್ಪರಗಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ವಿಜಯಪುರಕ್ಕೆ ಬಾ ಎಂದರೆ ಬರಲಿಲ್ಲ. “ನಿನ್ನ ಆ ಡಬ್ಬಿಯೊಳಗ ನಾ ಸಾಯೂದಿಲ್ಲ” ಎಂದಳು. ನಾನೇ ಹೋದೆ. ಒಂದು ವರ್ಷದ ಪೋಸ್ಟಿಂಗ್ ಎಂದುಕೊಂಡು ಸೂಟ್‌ಕೇಸು ಕಟ್ಟಿದೆ.

ನಮ್ಮದು ಓಣಿಯ ಎರಡನೆಯ ಮನೆ. ಮೊದಲನೆಯದು, ಬಸ್ ಸ್ಟಾಪಿನ ಎದುರಿಗೇ ಇರುವುದು, ಹುಸೇನಬಿಯದು. ಎರಡಕ್ಕೂ ನಡುವೆ ಒಂದೇ ಗೋಡೆ. ಅವಳು ಸೀನಿದರೆ ಇಲ್ಲಿ ಅಕ್ಕ “ನೂರು ವರ್ಷ” ಎನ್ನುವಳು. ಹುಸೇನಬಿಯ ಗಂಡ ತೀರಿ ಬಹಳ ವರ್ಷವಾಗಿತ್ತು. ಮದುವೆಮನೆ, ಖಾನಾವಳಿ, ಎಲ್ಲಿ ಕರೆದರೂ ಹೋಗಿ ರೊಟ್ಟಿ ಬಡಿದು ಬದುಕುತ್ತಿದ್ದಳು. ಸುತ್ತಿನ ಊರುಗಳಲ್ಲಿ ಅವಳ ಕೈ ರೊಟ್ಟಿಗೆ ಹೆಸರಿತ್ತು. ಆ ಹೆಸರಿನ ಜೊತೆಗೆ ಬಂದದ್ದು ಕೆಂಪು ಕಣ್ಣು, ಮತ್ತು ಸಂಜೆಯಾದರೆ ಗೋಡೆ ದಾಟಿ ಕೇಳಿಸುವ ಒಣ ಕೆಮ್ಮು.

ಎಲ್ಲರ ಮನೆಯಲ್ಲೂ ಗ್ಯಾಸ್ ಸಿಲಿಂಡರ್ ಇತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಚಹಾಕ್ಕೆ, ನೆಂಟರು ಬಂದರೆ ಉಪ್ಪಿಟ್ಟಿಗೆ ಗ್ಯಾಸು. ರೊಟ್ಟಿಗೆ ಮಾತ್ರ ಕಟ್ಟಿಗೆಯ ಒಲೆ. ಜೋಳದ ರೊಟ್ಟಿಗೆ ತವೆ ಅಗಲ ಬೇಕು, ಕೊನೆಗೆ ಅದನ್ನು ಕೆಂಡದ ಅಂಚಿಗೆ ಒರಗಿಸಿ ಉಬ್ಬಿಸಬೇಕು. ಗ್ಯಾಸಿನಲ್ಲಿ ಸುಟ್ಟದ್ದನ್ನು ಕಾಶವ್ವ “ಜ್ವರ ಬಂದವರ ರೊಟ್ಟಿ” ಎನ್ನುತ್ತಿದ್ದಳು. ತೊಗರಿ ರಾಶಿ ಮುಗಿದ ಮೇಲೆ ಹೊಲದಿಂದ ಒಣ ಕಡ್ಡಿ ತಂದು ಓಣಿಯ ತುದಿಯಲ್ಲಿ ಎಲ್ಲರೂ ಒಟ್ಟುತ್ತಿದ್ದರು. ಆ ಒಟ್ಟಲು ಯುಗಾದಿಗೆ ಖಾಲಿ. ಆಮೇಲೆ ಕುಳ್ಳು, ಹಸಿ ಜಾಲಿ, ಸಿಕ್ಕಿದ್ದು. ಮಳೆಗಾಲದಲ್ಲಿ ಅಡುಗೆಮನೆಯೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ಓಣಿಗೆ ಒಂದು ಟೆಂಪೊ ಬಂತು. ಒಳಗೆ ಬಕೆಟ್ಟಿನಂಥ ಉಕ್ಕಿನ ಒಲೆಗಳು. ಟೆಂಪೊದಿಂದ ಇಳಿದವಳು ಶ್ವೇತಾ ಎಂಬ ಹುಡುಗಿ, ಮೈಸೂರು ಕಡೆಯವಳು, ಕೈಯಲ್ಲಿ ಟ್ಯಾಬ್. “ಅಮ್ಮಾ, ಇದು ಹೊಗೆ ಕಮ್ಮಿ ಮಾಡೋ ಒಲೆ. ಅರ್ಧ ಸೌದೆ ಸಾಕು. ನಿಮಗೆ ಫ್ರೀ. ಒಂದು ಸೈನ್ ಮಾಡಿದ್ರೆ ಆಯ್ತು” ಎಂದಳು.

ಕಾಶವ್ವ ಮೊದಲು ಬಾಯಿ ಬಿಟ್ಟಳು. “ಬಿಟ್ಟಿ ಕೊಡವ್ರ ಬೆನ್ನ ಹಿಂದ ಏನರ ಇರತೈತಿ, ಮೊದಲ ಅದನ್ನ ತೋರಸ್ರಿ ಮೇಡಮ್ಮಾರ.”

ಬೆನ್ನ ಹಿಂದೆ ಇದ್ದದ್ದು ಎರಡು. ಒಂದು, ಪ್ರತಿ ಒಲೆಯ ಹೊಟ್ಟೆಗೆ ಅಯಸ್ಕಾಂತದಿಂದ ಅಂಟಿಸಿದ, ರೂಪಾಯಿ ನಾಣ್ಯದಷ್ಟು ದೊಡ್ಡ ಬಟನ್. ಒಲೆ ಯಾವಾಗ ಬಿಸಿಯಾಯಿತು ಎಂದು ಅದು ನೆನಪಿಟ್ಟುಕೊಳ್ಳುತ್ತದಂತೆ. ಎರಡು, ಇಂಗ್ಲಿಷಿನ ನಾಲ್ಕು ಪುಟ. ಆ ಪುಟಗಳನ್ನು ಹಿಡಿದು ಉಳಿದ ಎಂಟೂ ಮನೆಯ ಹೆಂಗಸರು ನಮ್ಮ ಪಡಸಾಲೆಗೆ ಬಂದು ಕೂತರು.

“ಬಾಯಾರ, ಓದ್ರಿ. ನಮ್ಮ ಹೊಲದ ಉತಾರದಾಗಿಂದ ನಮ್ಮ ಹೆಸರ ಗಿಸರ ತಗೀತಾರೇನ ನೋಡ್ರಿ” ಎಂದಳು ಕಾಶವ್ವ. ಇಂಗ್ಲಿಷ್ ಕಲಿಸಿದವಳೆಂದು ಓಣಿಗೆಲ್ಲ ನಾನು ‘ಬಾಯಾರು’.

ಕನ್ನಡಕ ಹಾಕಿಕೊಂಡು ಓದಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಎಷ್ಟೋ ದಿನಗಳ ಮೇಲೆ ನನ್ನ ಇಂಗ್ಲಿಷ್ ಯಾರಿಗೋ ಬೇಕಾಗಿತ್ತು. ಹೊಲದ, ಪಹಣಿಯ ಮಾತು ಎಲ್ಲೂ ಇರಲಿಲ್ಲ. ಮೂರನೆಯ ಪುಟದಲ್ಲಿ ಮಾತ್ರ ಒಂದು ವಾಕ್ಯ ಗಂಟಲಿಗೆ ಸಿಕ್ಕಿತು. ಈ ಒಲೆಯಿಂದ ಉಂಟಾಗುವ ಎಮಿಷನ್ ರಿಡಕ್ಷನ್ನಿನ ಸಕಲ ಹಕ್ಕನ್ನೂ ಬಳಕೆದಾರಳು ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಡುತ್ತಾಳೆ.

“ಏನಂತೈತ್ರಿ?”

“ನೀವು ಬಿಡದೆ ಉಳಿಸಿದ ಹೊಗೆ ಇರತದಲ್ಲ, ಅದು ಅವರದು ಅಂತ.”

ಎಲ್ಲರೂ ಒಟ್ಟಿಗೆ ನಕ್ಕರು. ಕಾಶವ್ವ ಹೊಟ್ಟೆ ಹಿಡಿದುಕೊಂಡಳು. “ಎವ್ವಾ! ಬಿಟ್ಟ ಹೊಗಿ ನಮ್ಮ ಕಣ್ಣಾಗ. ಬಿಡದ ಹೊಗಿ ಅವ್ರಿಗಿ. ಇಲ್ಲದ್ದನ್ನ ಯಾ ಚೀಲದಾಗ ತುಂಬಿಕೊಂಡ ಹೊಕ್ಕಾರಂತ?”

ಹೊರಗೆ ಕಾದಿದ್ದ ಶ್ವೇತಾಳನ್ನು ಒಳಗೆ ಕರೆದೆವು. ಪಾಪ, ಅವಳು ತಾಳ್ಮೆಯಿಂದ ಹೇಳಿದಳು. ದೂರದಲ್ಲಿ ಎಲ್ಲೋ ಒಂದು ಫ್ಯಾಕ್ಟರಿ ಇದೆ, ಅದಕ್ಕೆ ತನ್ನ ಹೊಗೆ ಕಮ್ಮಿ ಮಾಡಲು ಆಗುತ್ತಿಲ್ಲ. ಇಲ್ಲಿ ನೀವು ಕಮ್ಮಿ ಮಾಡಿದ್ದನ್ನು ಅದು ಕೊಂಡುಕೊಂಡು ತನ್ನ ಹೆಸರಿಗೆ ಹಚ್ಚಿಕೊಳ್ಳುತ್ತದೆ. ಆ ದುಡ್ಡಿನಿಂದಲೇ ಈ ಒಲೆ.

ಕಾಶವ್ವ ತಲೆದೂಗಿದಳು. “ತಿಳೀತ ಬಿಡವಾ. ಉಪಾಸ ನಮ್ಮದು, ಪುಣ್ಯ ಅವರದು.”

ಅರ್ಥಶಾಸ್ತ್ರದ ಯಾವ ಪ್ರೊಫೆಸರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಆ ಕ್ಷಣದಿಂದಲೇ ನನಗೆ ಕಂಪನಿಯ ಮೇಲೆ ಅನುಮಾನ ಹುಟ್ಟಿತು. ಇಲ್ಲಿ ಹುಸೇನಬಿಯ ಕೆಮ್ಮು ಕಡಿಮೆಯಾದದ್ದಕ್ಕೆ ಅಲ್ಲಿ ಇನ್ನೊಂದು ಚಿಮಣಿ ಏಳುವುದಾದರೆ ಉಳಿದದ್ದು ಏನು? ಆದರೂ ಎಲ್ಲರೂ ಸಹಿ ಹಾಕಿದರು. ಹೊಸ ಡಬ್ಬಿ ಹೊಳೆಯುತ್ತಿತ್ತು. ಅಕ್ಕನ ಪರವಾಗಿ ನಾನೂ ಹಾಕಿದೆ.

ಅದೇ ದಿನ ಶ್ವೇತಾ ಹುಸೇನಬಿಯನ್ನು ಓಣಿಯ ‘ಒಲೆ ಸಖಿ’ ಮಾಡಿದಳು. ಯಾರ ಒಲೆ ಕೆಟ್ಟರೂ ನೋಡುವುದು, ಬಟನ್ ಬಿದ್ದರೆ ಅಂಟಿಸುವುದು ಅವಳ ಕೆಲಸ. ವರ್ಷಪೂರ್ತಿ ಓಣಿ ಸರಿಯಾಗಿ ನಡೆದರೆ ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಊರುಗಳಿಗೆಲ್ಲ ಅವಳನ್ನೇ ಟ್ರೇನರ್ ಆಗಿ, ಪರ್ಮನೆಂಟಾಗಿ ತೆಗೆದುಕೊಳ್ಳುತ್ತೇವೆ ಎಂದಳು. ಕೊರಳಿಗೆ ನೀಲಿ ಪಟ್ಟಿಯ ಐಡಿ ಕಾರ್ಡು. ಅದರಲ್ಲಿ ಹುಸೇನಬಿಯ ಫೋಟೊ, ಕೆಂಪು ಕಣ್ಣು ಅಗಲ ಬಿಟ್ಟುಕೊಂಡು.

ಅಂದು ಸಂಜೆ ಅವಳು ಕಾರ್ಡನ್ನು ಅಕ್ಕನಿಗೆ ತೋರಿಸಲು ಬಂದು, ನನ್ನ ಕಡೆ ತಿರುಗಿ ಹೇಳಿದಳು. “ಬಾಯಾರ, ರೊಟ್ಟಿ ಬಡದ ಬಡದ ಈ ಎದಿ ಹೊಗಿ ಗೂಡ ಆಗೈತ್ರಿ. ಇದೊಂದ ವರ್ಷ ನೆಟ್ಟಗ ಆತಂದ್ರ ಇನ್ನ ಮಂದಿ ಒಲಿ ಮುಂದ ಕುಂದ್ರೂದ ತಪ್ಪತೈತಿ. ನಿಂತ ಮಾತಾಡೂ ಕೆಲಸ.” ಅಕ್ಕ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಫೋಟೊದಾಗ ತಹಶೀಲ್ದಾರ ಕಂಡಾಂಗ ಕಾಣ್ತಿ” ಎಂದಳು. ಹುಸೇನಬಿ ನಾಚಿಕೊಂಡಳು. ಆಮೇಲೆ ಅವಳು ಆ ಕಾರ್ಡನ್ನು ತೆಗೆದದ್ದನ್ನು ನಾನು ಕಾಣಲಿಲ್ಲ. ಒಲೆಗೆ ಬಗ್ಗುವಾಗ ಮಾತ್ರ ಅದು ಬೆಂಕಿಗೆ ಇಳಿಬೀಳದಂತೆ ಎಡಗೈಯಿಂದ ಹಿಡಿದು ಹೆಗಲ ಹಿಂದಕ್ಕೆ ಒಗೆಯುವಳು. ಆ ಒಗೆತಕ್ಕೊಂದು ಠೀವಿ ಇತ್ತು.

ಒಲೆಯ ಹೊಳಪು ಹದಿನೈದು ದಿನ. ಅದರ ಬಾಯಿ ಸಣ್ಣದು, ನಮ್ಮ ತವೆ ದೊಡ್ಡದು, ಡುಗುಡುಗು ಅಲ್ಲಾಡುವುದು. ಬೆಂಕಿಯೆಲ್ಲ ಡಬ್ಬಿಯೊಳಗೆ, ರೊಟ್ಟಿ ಉಬ್ಬಿಸಲು ಕೆಂಡವೇ ಇಲ್ಲ. ಅನ್ನ ತಿನ್ನುವ ಸೀಮೆಯವರು ಮಾಡಿದ ಒಲೆ ಎಂದು ಎಲ್ಲರಿಗೂ ಗೊತ್ತಾಯಿತು. ಒಬ್ಬೊಬ್ಬರೇ ಸದ್ದಿಲ್ಲದೆ ಹಳೆಯ ಒಲೆಗೆ ಮರಳಿದರು. ಕಾಶವ್ವನ ಹೊಸ ಒಲೆಯಲ್ಲಿ ಕೋಳಿ ಮೊಟ್ಟೆ ಇಟ್ಟಿತು.

ಬಿಡದವಳು ಹುಸೇನಬಿ ಒಬ್ಬಳೇ. ಅಂಗಳದ ತಗಡಿನ ಚಪ್ಪರದ ಕೆಳಗೆ ಒಲೆಯಿಟ್ಟು, ಅದರ ಬಾಯಿಯ ಸುತ್ತ ಮಣ್ಣು, ಸೆಗಣಿ, ಜೋಳದ ಹೊಟ್ಟು ಕಲಸಿ ಅಗಲವಾದ ಕಟ್ಟೆ ಕಟ್ಟಿದಳು. ತವೆ ಗಟ್ಟಿಯಾಗಿ ಕೂತಿತು. ಕಟ್ಟೆಯ ಒಂದು ಪಕ್ಕಕ್ಕೆ ಕೆಂಡ ಎಳೆದುಕೊಳ್ಳಲು ಸಣ್ಣ ಬಾಯಿ. ಮೂರು ಸಲ ಬಿರಿಯಿತು, ಮೂರು ಸಲ ಮೆತ್ತಿದಳು. ನಾಲ್ಕನೆಯದು ನಿಂತಿತು. ಒಂದು ಹಿಡಿ ತೊಗರಿ ಕಡ್ಡಿಯಲ್ಲಿ ಅವಳು ಅಷ್ಟು ರೊಟ್ಟಿ ತೆಗೆಯುವುದನ್ನು ಕಂಡು ನನಗೆ ನಂಬಿಕೆ ಬರಲಿಲ್ಲ, ಸೆರಗಿನ ಮರೆಯಲ್ಲಿ ಇನ್ನೊಂದು ಹೊರೆ ಇದೆಯೇನೋ ಎಂದು ಸುತ್ತಲೂ ನೋಡಿದೆ.

ಕಾದ ಕಟ್ಟೆ ಆರಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದನ್ನು ನೋಡಿ ಹುಸೇನಬಿಯೇ ಒಂದು ದಿನ ಓಣಿಗೆ ಕೇಳುವಂತೆ ಹೇಳಿದಳು. “ಇಷ್ಟ ಕಾಯಿಸಿ ಹತ್ತ ರೊಟ್ಟಿ ಸುಟ್ಟ ಆರಸೂದು ಪಾಪ ಐತ್ರವಾ. ಹಿಟ್ಟ ತರ್ರಿ, ತವಿ ತರ್ರಿ. ಒಂದ ಒಲಿ ಕಾಯಸೂಣು, ಎಲ್ಲಾರೂ ಇಲ್ಲೇ ಬಡಿಯೂಣು.”

ನಮ್ಮ ಕಡೆ ಮದುವೆಗೆ ಓಣಿಯೆಲ್ಲ ಸೇರಿ ಕಡಕ್ ರೊಟ್ಟಿ ಬಡಿಯುವುದುಂಟು. ಅವು ತಿಂಗಳಿಟ್ಟರೂ ಕೆಡುವುದಿಲ್ಲ. ಆದರೆ ದಿನದ ರೊಟ್ಟಿ ಅವರವರ ಅಡುಗೆಮನೆಯದು, ಅವರವರ ಮಾನದ್ದು. ಅದರ ಮೇಲೆ ಹುಸೇನಬಿಯ ಒಲೆ. ಕೆಲವರು ಬಾಯಿ ಬಿಟ್ಟು ಹೇಳಲಿಲ್ಲ, ಮುಖ ಹೇಳಿತು. ಎಲ್ಲರೂ ನಮ್ಮ ಅಕ್ಕನ ಕಡೆ ನೋಡಿದರು. ಓಣಿಯಲ್ಲಿ ಮಡಿಯ ಲೆಕ್ಕ ಅವಳದೇ ಕಟ್ಟುನಿಟ್ಟು.

ಕುಸುಮಕ್ಕ ವಾಕರ್ ಹಿಡಿದು ಬಾಗಿಲಿಗೆ ಬಂದಳು. “ಅಗ್ನೀಲಾ ಕಸಲಾ ವಿಟಾಳ” ಎಂದಳು ನಮ್ಮ ಮನೆಮಾತಾದ ಮರಾಠಿಯಲ್ಲಿ. ಬೆಂಕಿಗೆಂಥ ಮೈಲಿಗೆ ಎಂದು. ಆಮೇಲೆ ಕನ್ನಡದಲ್ಲಿ, “ನಮ್ಮ ಹಿಟ್ಟು ತೊಗೊಂಡು ಹೋಗು. ತೆಳ್ಳಗ ಬಡಿ ಅಂತ ಹೇಳು.”

ಹೀಗೆ ಶುರುವಾಯಿತು. ವಾರಕ್ಕೆ ಎರಡು ಮುಂಜಾನೆ, ಮೂರ್ನಾಲ್ಕು ದಿನಕ್ಕಾಗುವಷ್ಟು ರೊಟ್ಟಿಗೆ, ಒಂಬತ್ತು ಮನೆಯ ಹಿಟ್ಟಿನ ಬೋಗುಣಿ ಆ ಚಪ್ಪರದ ಕೆಳಗೆ. ಒಬ್ಬಳು ನಾದುವಳು, ಇಬ್ಬರು ಬಡಿಯುವರು, ಹುಸೇನಬಿ ಸುಡುವಳು. ತಪ್ ತಪ್ ಈಗ ಒಂದೇ ಕಡೆಯಿಂದ, ನಾಲ್ಕು ಕೈಯ ಜುಗಲ್‌ಬಂದಿ. ನಾನು ಚಹಾ ಮಾಡಿಕೊಂಡು ಹೋಗಿ ಜಗಲಿಯ ಮೇಲೆ ಕೂತು ಅವರ ಮಾತು ಕೇಳುತ್ತಿದ್ದೆ. ಅರ್ಧ ಜೋಕು ನನಗೆ ತಿಳಿಯುತ್ತಿರಲಿಲ್ಲ, ತಿಳಿದ ಅರ್ಧವನ್ನು ಇಲ್ಲಿ ಬರೆಯುವಂತಿಲ್ಲ. ಒಮ್ಮೆ ನನ್ನನ್ನೂ ಕೂಡಿಸಿದರು. ನನ್ನ ರೊಟ್ಟಿ ನೋಡಿ ಕಾಶವ್ವ, “ಬಾಯಾರ, ಇದು ಯಾ ದೇಶದ ನಕಾಶೆರೀ?” ಎಂದಳು.

ಯುಗಾದಿ ಬಂತು. ಓಣಿಯ ತುದಿಯ ತೊಗರಿ ಒಟ್ಟಲು ಅರ್ಧವೂ ಇಳಿದಿರಲಿಲ್ಲ. ಕಾರಹುಣ್ಣಿಮೆಗೂ ಇತ್ತು. ಮೃಗಶಿರ ಮಳೆಗೆ ಅದರ ಮೇಲೆ ತಾಡಪತ್ರಿ ಹೊದಿಸುವಾಗ ಕಾಶವ್ವ, “ಲಗ್ನ ಆಗಿ ಬಂದಾಗಿಂದ ಈ ಕಟಗಿ ಮಳಿ ನೋಡಿದ್ದ ನಾ ಕಂಡಿಲ್ಲವ್ವಾ” ಎಂದಳು. ಅಷ್ಟು ಹೊಗೆ ಆ ಓಣಿಯಿಂದ ಮೇಲೆ ಹೋಗಲಿಲ್ಲ. ಅದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು.

ಮಳೆ ಹಿಡಿದ ವಾರ ನಾನೊಬ್ಬಳೇ ಅಕ್ಕನ ಎಕ್ಸ್‌ರೇ ತೋರಿಸಲು ಎರಡು ದಿನ ವಿಜಯಪುರಕ್ಕೆ ಹೋಗಿದ್ದೆ. ಆಗಲೇ ಶ್ವೇತಾ ಟ್ಯಾಬ್ ಹಿಡಿದು ಬಟನ್‌ಗಳನ್ನು ಓದಿಸಲು ಬಂದು ಹೋದಳಂತೆ. ನಾನು ಮರಳಿದಾಗ ಓಣಿಯಲ್ಲಿ ಏನೋ ಗುಸುಗುಸು. ಹುಸೇನಬಿ ಎಂದಿನಂತೆ ಮಾತಾಡಲಿಲ್ಲ. ಏನಾಯಿತೆಂದು ಕಾಶವ್ವನನ್ನು ಕೇಳಿದೆ. “ನಮ್ಮ ಒಲಿ ತಣ್ಣಗ ಅದಾವಂತ್ರಿ. ಹಿಂಗ ಆದ್ರ ಎಲ್ಲಾ ತಿರಗಿ ಒಯ್ತೇವಿ ಅಂದ್ಲು” ಎಂದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅಕ್ಕನ ರೊಟ್ಟಿ ತರಲು ಹುಸೇನಬಿಯ ಅಂಗಳಕ್ಕೆ ಹೋದೆ. ಅವಳು ಒಳಗೆ ನಮಾಜಿನಲ್ಲಿದ್ದಳು. ಕಾಯುತ್ತ ಒಲೆಯ ಕಡೆ ನೋಡಿದೆ. ಕಟ್ಟೆಯ ಕೆಳಗೆ, ಉಕ್ಕಿನ ಹೊಟ್ಟೆಯ ಸುತ್ತ, ಕೊರಳಿಗೆ ಗುಳದಾಳಿ ಕಟ್ಟಿದಂತೆ ಒಂಬತ್ತು ಬಟನ್‌ಗಳು. ಪ್ರತಿಯೊಂದರ ಮೇಲೂ ಮನೆಯ ನಂಬರು. ಎರಡು ಎಂದು ಬರೆದದ್ದು ನಮ್ಮದು.

ನಮ್ಮ ಮನೆಯೊಳಗಿನ ಬಟನ್ ಇಲ್ಲಿಗೆ ಹೇಗೆ ಬಂತು? ನಾನು ಊರಲ್ಲಿಲ್ಲದಾಗ ಒಳಗೆ ಹೊಕ್ಕು ಕಿತ್ತುಕೊಂಡಳೇ? ತಣ್ಣಗಿನ ಒಲೆಗಳನ್ನು ಬಿಸಿ ಎಂದು ತೋರಿಸುವ ಆಟ ಇದು. ಒಲೆ ಒಂದು, ಲೆಕ್ಕ ಒಂಬತ್ತು. ದೂರದ ಆ ಫ್ಯಾಕ್ಟರಿ ಇಲ್ಲದ ಎಂಟು ಒಲೆಗಳ ಹೆಸರಲ್ಲಿ ಎಷ್ಟು ಹೊಗೆ ಬಿಡುವುದೋ! ಮೊದಲಿನಿಂದ ಕಂಪನಿಯ ಮೇಲಿದ್ದ ಅನುಮಾನ ಒಂದೇ ಕ್ಷಣದಲ್ಲಿ ಗೋಡೆ ಹಾರಿ ಹುಸೇನಬಿಯ ಮೇಲೆ ಕೂತಿತು. ಟ್ರೇನರ್ ಆಗುವ ಆಸೆ, ಅದಕ್ಕೆ ಈ ಕೆಲಸ. ರೊಟ್ಟಿ ತೆಗೆದುಕೊಳ್ಳದೆ ಹಾಗೇ ಹಿಂದಿರುಗಿದೆ.

ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, ತಪ್ಪನ್ನು ಕಂಡೂ ಸುಮ್ಮನಿರುವುದು ಅದರಲ್ಲಿ ಪಾಲು ತೆಗೆದುಕೊಂಡಂತೆ ಎನ್ನುತ್ತಿದ್ದರು. ತಪ್ಪು ಮಾಡಿದವರನ್ನು ಮೊದಲು ಕೇಳಬೇಕು ಎಂದೂ ಅವರು ಹೇಳಿರಬಹುದು. ಅದು ನನಗೆ ನೆನಪಾಗಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ ಎಂದು ನಾನಾಗಲೇ ತೀರ್ಪು ಬರೆದಾಗಿತ್ತು. ಅಗ್ರಿಮೆಂಟಿನ ಕೊನೆಯಲ್ಲಿದ್ದ ವಿಳಾಸಕ್ಕೆ ಅಂದು ಸಂಜೆ ಇಮೇಲ್ ಮಾಡಿದೆ. ಮೂರು ಪ್ಯಾರಾ, ಒಂದು ಕಾಮಾ ತಪ್ಪಿರಲಿಲ್ಲ. ‘ಐ ರಿಗ್ರೆಟ್ ಟು ಇನ್ಫಾರ್ಮ್ ಯೂ’ ಎಂದು ಶುರುಮಾಡಿದ್ದೆ. ರಿಗ್ರೆಟ್ ಏನೂ ಇರಲಿಲ್ಲ. ಕಳಿಸಿದ ಮೇಲೆ ಎರಡು ಸಲ ಓದಿ ನನ್ನ ಭಾಷೆಯನ್ನು ನಾನೇ ಮೆಚ್ಚಿಕೊಂಡೆ.

ಶ್ರಾವಣದಲ್ಲಿ ಬಿಳಿ ಕಾರೊಂದು ಬಂತು. ಶ್ವೇತಾ ಇರಲಿಲ್ಲ, ಅವಳನ್ನು ಇಂಡಿ ಕಡೆಗೆ ಹಾಕಿದ್ದಾರೆ ಎಂದರು. ನನ್ನ ಇಮೇಲಿನಿಂದಲೇ ಇರಬೇಕೆಂದು ನನಗೆ ಒಳಗೇ ಚುಚ್ಚಿತು. ಬಂದವರು ದೊಡ್ಡ ಆಫೀಸಿನ ಆಡಿಟರ್. ಕನ್ನಡವೂ ಬಾರದು, ಹಿಂದಿಯೂ ಬಾರದು. ಜೊತೆಗೆ ಕ್ಯಾಮೆರಾ, ಹಿಂದೆ ಖಾಲಿ ಟೆಂಪೊ. ಅಂದು ರೊಟ್ಟಿಯ ದಿನ, ಚಪ್ಪರದ ಕೆಳಗೆ ಓಣಿಯೆಲ್ಲ ಸೇರಿತ್ತು. ಅವರು ನೇರ ನನ್ನ ಹತ್ತಿರ ಬಂದು ಕೈ ಕುಲುಕಿದರು. ಜೇಬಿನಿಂದ ನನ್ನ ಇಮೇಲಿನ ಪ್ರಿಂಟ್‌ಔಟ್ ತೆಗೆದು, “ಥ್ಯಾಂಕ್ ಯೂ ಫಾರ್ ಬೀಯಿಂಗ್ ವಿಜಿಲೆಂಟ್, ಮ್ಯಾಡಂ” ಎಂದರು. ಅಲ್ಲಿದ್ದ ಯಾರಿಗೂ ಇಂಗ್ಲಿಷ್ ಬಾರದು. ಆದರೆ ಕಾಗದ ಯಾರದು ಎಂಬುದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಬಡಿಯುವ ಕೈಗಳು ನಿಂತವು.

ಬಟನ್‌ಗಳ ಫೋಟೊ ಹೊಡೆದು ಅವರು ನನಗೆ, “ಆಸ್ಕ್ ಹರ್ ವೈ” ಎಂದರು. ನಾನು ಕೇಳಿದೆ. ಮೂರು ವಾರದ ಹಿಂದೆ ಕೇಳಬೇಕಾದದ್ದನ್ನು ಆಗ, ಅಷ್ಟು ಜನರ ಮುಂದೆ ಕೇಳಿದೆ.

ಹುಸೇನಬಿ ಕಾರ್ಡನ್ನು ಎದೆಯ ಮೇಲೆ ಸರಿಮಾಡಿಕೊಂಡಳು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ, ಇಷ್ಟು ಸಾದಾ ಮಾತು ಇವರಿಗೆ ತಿಳಿಯದೇ ಎಂಬ ಅಚ್ಚರಿ ಇತ್ತು. “ಒಂಬತ್ತ ಮನಿ ರೊಟ್ಟಿ ಇಲ್ಲೇ ಸುಡ್ತೇವ್ರಿ. ಅಂದ ಮ್ಯಾಲ ಒಂಬತ್ತ ಮನಿ ಬಟನ್ ಎಲ್ಲಿರಬೇಕ್ರಿ? ಅಲ್ಲೇ ಬಿಟ್ಟಿದ್ರ ಅವು ಸುಳ್ಳ ಹೇಳತಿದ್ದವು, ಈ ಓಣ್ಯಾಗ ಯಾರೂ ರೊಟ್ಟಿನ ತಿನ್ನಂಗಿಲ್ಲ ಅಂತ. ಮೇಡಮ್ಮ ಬಂದಾಗ ಹಂಗ ಹೇಳಿದುವಲ್ರಿ. ಅದಕ್ಕ ಎಲ್ಲಾರನ್ನೂ ಕೇಳಿ, ಖರೇ ಒಲಿಗಿ ತಂದ ಹಚ್ಚೇನಿ.”

“ನಮ್ಮದನ್ನು ಯಾರು ಕೊಟ್ಟರು?” ಎಂದೆ.

“ಕುಸುಮಕ್ಕಾರ. ತಾವ ತಗದ ಕೊಟ್ರು.”

ಅಷ್ಟರಲ್ಲಿ ನಮ್ಮ ಬಾಗಿಲಿನಿಂದ ಅಕ್ಕ ಕೂಗಿದಳು. “ಹೌದು, ನಾನ ಕೊಟ್ಟೀನಿ! ನೀ ನನ್ನ ಕೇಳಿದ್ದೇನು?”

ನಾನು ಎಲ್ಲವನ್ನೂ ಅನುವಾದಿಸಿದೆ. ಒಂದು ಮಾತೂ ಬಿಡದೆ, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ. ಕಟ್ಟಿಗೆಯ ಒಟ್ಟಲು ತೋರಿಸಿದೆ, ಮಳೆಗಾಲದಲ್ಲೂ ಉಳಿದಿದೆ ನೋಡಿ ಎಂದೆ. ಆಡಿಟರ್ ಕೆಟ್ಟ ಮನುಷ್ಯರಲ್ಲ. ಕೇಳಿಸಿಕೊಂಡರು. ಆದರೆ ನಾನು ಹೇಳುತ್ತ ಹೋದಂತೆ ಅವರ ಪೆನ್ನು ಟಿಕ್ ಹಾಕುತ್ತ ಹೋಯಿತು. “ಅಂದರೆ ಎಂಟು ಒಲೆಗಳು ಬಳಕೆಯಲ್ಲಿಲ್ಲ?” ಹೌದು. “ಸೆನ್ಸರ್‌ಗಳನ್ನು ಸ್ಥಳಾಂತರಿಸಲಾಗಿದೆ?” ಹೌದು. “ಒಲೆಯ ಡಿಸೈನ್ ಬದಲಿಸಲಾಗಿದೆ?” ಮಣ್ಣಿನ ಕಟ್ಟೆ ನೋಡಿ ಹೌದು ಎಂದೆ. ಸತ್ಯವನ್ನು ಹೆಚ್ಚು ಹೇಳಿದಷ್ಟೂ ಅವಳು ಹೆಚ್ಚು ತಪ್ಪಿತಸ್ಥೆಯಾದಳು. ಅವರ ಫಾರ್ಮಿನಲ್ಲಿ ಒಲೆಗೆ ಜಾಗವಿತ್ತು, ಓಣಿಗೆ ಇರಲಿಲ್ಲ. ಕೆಳಗೆ ಒಂದೇ ಶಬ್ದ ಬರೆದರು: ಟ್ಯಾಂಪರಿಂಗ್.

ಒಂಬತ್ತೂ ಒಲೆ ಟೆಂಪೊ ಏರಬೇಕಾಯಿತು. ಟೆಂಪೊದ ಹುಡುಗ ಹುಸೇನಬಿಯ ಕಟ್ಟೆ ಒಡೆಯಲು ಕಲ್ಲೆತ್ತಿದ. “ತಡಿಯೋ ತಮ್ಮಾ, ನೀ ಬಡದ್ರ ಡಬ್ಬಿ ನೆಗ್ಗತೈತಿ” ಎಂದು ಅವಳೇ ರುಬ್ಬುಗುಂಡಿನಿಂದ ಮೆಲ್ಲಗೆ, ಸುತ್ತಲೂ ತಟ್ಟಿ ಮಣ್ಣು ಬಿಡಿಸಿದಳು. ಕಟ್ಟೆ ಇನ್ನೂ ಬಿಸಿಯಾಗಿತ್ತು. ಆಮೇಲೆ ಕಾರ್ಡು ತೆಗೆದು, ಅದರ ಪ್ಲಾಸ್ಟಿಕ್ಕಿಗೆ ಹತ್ತಿದ ಮಸಿಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ನೋಡಿದವಳು ಕಾಶವ್ವ. “ಬಾಯಾರ, ಇಷ್ಟ ದಿನ ಆ ಬಟನ್ ನಮ್ಮ ಮಾತ ಕೇಳತೈತಿ ಅಂತ ಅಂಜಿದ್ವಿ. ಕಿವಿ ಬ್ಯಾರೇ ಕಡೆ ಇತ್ತ ನೋಡ್ರಿ.”

ಮರುದಿನ ನಸುಕಿನಲ್ಲಿ ಎಚ್ಚರವಾಯಿತು. ತಪ್, ತಪ್. ಮೊದಲಿನ ಹಾಗೆ, ಅಲ್ಲೊಂದು ಇಲ್ಲೊಂದು. ಅಕ್ಕ ಕತ್ತಲಲ್ಲೇ ಎಣಿಸುತ್ತಿದ್ದಳು. “ಎಂಟೂ ಬಂದವು ನೋಡು. ನಿನ್ನ ಕಂಪನಿಗೆ ಕಾಗದ ಬರಿ.” ಸ್ವಲ್ಪ ಹೊತ್ತು ಬಿಟ್ಟು ಮರಾಠಿಯಲ್ಲಿ, “ತುಲಾ ಇಂಗ್ರಜೀ ಯೇತೆ, ಮಾಣಸ ಯೇತ ನಾಹೀತ” ಎಂದಳು. ನಿನಗೆ ಇಂಗ್ಲಿಷ್ ಬರುತ್ತದೆ, ಮನುಷ್ಯರು ಬರುವುದಿಲ್ಲ.

ನಾನು ಬರೆದೆ. ಒಂದಲ್ಲ, ನಾಲ್ಕು ಇಮೇಲ್. ಎಲ್ಲ ವಿವರಿಸಿದೆ, ತಪ್ಪು ನನ್ನದು ಎಂದೆ. ನಾಲ್ಕಕ್ಕೂ ಒಂದೇ ಉತ್ತರ, ಅಕ್ಷರಶಃ ಒಂದೇ: ನಿಮ್ಮ ಕಳಕಳಿಗೆ ಧನ್ಯವಾದ, ಈ ಪ್ರಕರಣ ಮುಕ್ತಾಯವಾಗಿದೆ. ಓದಿದವರು ಮನುಷ್ಯರೋ ಮಶೀನೋ ಇಂದಿಗೂ ಗೊತ್ತಿಲ್ಲ. ಆ ದೂರದ ಫ್ಯಾಕ್ಟರಿ ನಮ್ಮ ಅರ್ಧ ವರ್ಷದ ಉಪವಾಸವನ್ನು ತನ್ನ ಲೆಕ್ಕಕ್ಕೆ ಹಚ್ಚಿಕೊಂಡಿತೋ ಬಿಟ್ಟಿತೋ, ಅದೂ ಗೊತ್ತಿಲ್ಲ. ಅನುಮಾನ ಮಾತ್ರ ಉಳಿದಿದೆ, ಈಗ ಅದಕ್ಕೆ ಎರಡು ದಿಕ್ಕು. ಒಂದು ಅವರ ಕಡೆ, ಒಂದು ನನ್ನ ಕಡೆ. ಆ ಬಟನ್‌ಗಳನ್ನು ಕಾಶವ್ವನ ಅಂಗಳದಲ್ಲಿ ಕಂಡಿದ್ದರೆ ಒಂದು ಮಾತು ಕೇಳುತ್ತಿದ್ದೆನೇ? ನಮ್ಮ ಜಾತಿಯವರ ಮನೆಯಲ್ಲಿ ಕಂಡಿದ್ದರೆ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಎಂದರೆ ಅದು ಸುಳ್ಳಾಗುತ್ತದೆ.

ಒಟ್ಟಲು ಮೂರು ವಾರದಲ್ಲಿ ಮುಗಿಯಿತು. ಹಸಿ ಜಾಲಿಯ ಹೊಗೆ ಗೋಡೆ ದಾಟಿ ಬರತೊಡಗಿತು, ಅದರ ಹಿಂದೆ ಕೆಮ್ಮು. ಹುಸೇನಬಿ ಮತ್ತೆ ಮದುವೆಮನೆಗಳ ಒಲೆ ಮುಂದೆ ಕೂತಳು. ನಮ್ಮ ಅಕ್ಕನ ರೊಟ್ಟಿ ಮಾತ್ರ ತಪ್ಪಲಿಲ್ಲ, ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು. ನಾನು ಎರಡು ಸಲ ಅವಳ ಬಾಗಿಲವರೆಗೆ ಹೋಗಿ, ಹೇಳಬೇಕಾದ ವಾಕ್ಯ ಮೊದಲು ಇಂಗ್ಲಿಷಿನಲ್ಲೇ ಬಂದದ್ದರಿಂದ, ಹಿಂದಿರುಗಿದೆ.

ಅಕ್ಕ ವಾಕರ್ ಬಿಟ್ಟು ಕೋಲಿಗೆ ಬಂದಳು. ದಸರೆ ಮುಗಿದ ಮೇಲೆ ನಾನು ಹೊರಟೆ. ಮುಂಜಾನೆಯ ಬಸ್ಸು. ಸ್ಟಾಪಿನಲ್ಲಿ ಸೂಟ್‌ಕೇಸು ಇಟ್ಟುಕೊಂಡು ನಿಂತಿದ್ದೆ. ಹೊಲದ ದಾರಿಯಿಂದ ಜಾಲಿ ಕಟ್ಟಿಗೆಯ ಹೊರೆ ಹೊತ್ತು ಹುಸೇನಬಿ ಬಂದಳು. ನನ್ನನ್ನು ದಾಟಿ ಹೋಗುವಳೆಂದುಕೊಂಡೆ. ನಿಂತಳು. ಹೊರೆ ಇಳಿಸಲಿಲ್ಲ.

“ಹೊಂಟ್ರೇನ್ರಿ ಬಾಯಾರ?”

“ಹ್ಞೂಂ.”

“ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಷ್ಟ ದೂರದ ಕಂಪನಿಗಿ ಬರದ್ರಿ. ನಡುವ ಒಂದ ಗ್ವಾಡಿ ಇತ್ತಲ್ರಿ. ಒಂದ ಸಲ ‘ಹುಸೇನಬಿ, ಇದೇನ’ ಅಂತ ಕೂಗಿದ್ರ ನಾ ಹೇಳತಿದ್ನಲ್ರಿ?”

ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ನಾನು ಬಾಯಿ ತೆರೆದೆ. ಬಸ್ಸು ಬಂದು ನಡುವೆ ನಿಂತಿತು, ಕಂಡಕ್ಟರ್ ಸೂಟ್‌ಕೇಸು ಎಳೆದುಕೊಂಡ.

ಕಿಟಕಿಗೆ ಹೋಗಿ ಕೂತೆ. ಬಸ್ಸು ಯಾರಿಗೋ ಕಾಯುತ್ತಿತ್ತು. ಓಣಿಯ ಮೇಲೆ ಆ ಹೊತ್ತಿಗೆ ಹೊಗೆ ಒಂದೇ ಕಡೆಯಿಂದ ಏಳುತ್ತಿತ್ತು, ಹುಸೇನಬಿಯ ಅಂಗಳದಿಂದ; ಒಲೆ ಹೊತ್ತಿಸಿಟ್ಟೇ ಕಟ್ಟಿಗೆಗೆ ಹೋಗಿದ್ದಳೇನೋ. ತಗಡಿನ ಚಪ್ಪರದ ಕೆಳಗೆ ಹೊಸ ಮಣ್ಣಿನ ಕಟ್ಟೆಯಂಥದು ಏನೋ ಕಂಡಿತು. ಕಾಶವ್ವ ಸೊಂಟದ ಮೇಲೆ ಬೋಗುಣಿ ಇಟ್ಟುಕೊಂಡು ಆ ಕಡೆ ನಡೆದಿದ್ದಳು. ಬೋಗುಣಿಯಲ್ಲಿ ಹಿಟ್ಟಿತ್ತೋ ಬೇರೇನಿತ್ತೋ, ಉಳಿದ ಮನೆಗಳಲ್ಲಿ ಇನ್ನೂ ಒಲೆ ಹೊತ್ತಿಸಿರಲಿಲ್ಲವೋ, ಅಥವಾ ಎಲ್ಲರೂ ಮತ್ತೆ ಅಲ್ಲಿಗೇ ಬರುತ್ತಿದ್ದರೋ, ಇಳಿದು ಕೇಳಬಹುದಿತ್ತು. ಸಮಯವಿತ್ತು. ನಾನು ಕಿಟಕಿಯ ಸರಳು ಹಿಡಿದು ಕೂತೇ ಇದ್ದೆ.

ಹುಸೇನಬಿ ಹೊರೆ ಇಳಿಸಿ, ಎರಡು ಕಟ್ಟಿಗೆ ಹಿರಿದುಕೊಂಡು ಒಲೆಯ ಮುಂದೆ ಕುಕ್ಕರಿಸಿದಳು. ಊದಲು ಬಗ್ಗುವ ಮುಂಚೆ ಅವಳ ಎಡಗೈ ಎದೆಯ ಹತ್ತಿರ ಹೋಗಿ, ಅಲ್ಲಿ ಇಲ್ಲದ ಕಾರ್ಡನ್ನು ಹಿಡಿದು ಹೆಗಲ ಹಿಂದಕ್ಕೆ ಒಗೆಯಿತು.